ಮೆಲುಕು ಹಾಕದ ಎತ್ತು

ಬೆಳಗಿನ ಬಿಸಿಲು ಮುಳ್ಳುಬೇಲಿಯ ಸಂದಿಯಿಂದ ದೊಡ್ಡಿಯೊಳಕ್ಕೆ ಬಂದಾಗ ಡಾಕ್ಟರ್ ಲೊಗಿಯೆಲ್ ನೋಡಿದ್ದು ತನ್ನ ಎತ್ತಿನ ಬಾಯನ್ನು. ಅದು ಅಲ್ಲಾಡುತ್ತಿರಲಿಲ್ಲ. ಸುತ್ತ ಮಲಗಿದ್ದ ತಮ್ಮನ ದನಗಳೆಲ್ಲ ಕಣ್ಣು ಅರ್ಧ ಮುಚ್ಚಿಕೊಂಡು, ಪ್ರಪಂಚದಲ್ಲಿ ಯಾವ ಅವಸರವೂ ಇಲ್ಲವೆಂಬಂತೆ ಮೆಲುಕು ಹಾಕುತ್ತಿದ್ದವು. ಇದೊಂದು ಮಾತ್ರ ಎದ್ದು ನಿಂತು, ತಲೆ ತಗ್ಗಿಸಿ ಹಲ್ಲು ಕಡಿಯುತ್ತ, ಆಗಾಗ ಹಿಂಗಾಲೆತ್ತಿ ತನ್ನ ಹೊಟ್ಟೆಯನ್ನೇ ಒದೆಯಲು ನೋಡುತ್ತಿತ್ತು. ಎಡಪಕ್ಕೆ ಉಬ್ಬಿತ್ತು. ಅವನು ಹತ್ತಿರ ಹೋಗಿ ಅಲ್ಲಿ ಮುಷ್ಟಿಯೂರಿದ. ಆರೋಗ್ಯವಾಗಿರುವ ಎತ್ತಿನ ಹೊಟ್ಟೆ ಮುಷ್ಟಿಯನ್ನು ನಿಧಾನವಾಗಿ ಮೇಲೆತ್ತಿ ಇಳಿಸುತ್ತದೆ, ಮಲಗಿದವನ ಎದೆಯ ಹಾಗೆ. ಇದು ನೀರು ತುಂಬಿದ ಚರ್ಮದ ಚೀಲದಂತೆ ಗುಳಕ್ಕೆಂದು ಸುಮ್ಮನಾಯಿತು. ಕಿವಿ ಹಿಡಿದು ನೋಡಿದ, ತಣ್ಣಗಿತ್ತು. ಹಿಂದೆ ಬಿದ್ದಿದ್ದ ಸಗಣಿ ಬೂದುಬಣ್ಣಕ್ಕೆ ತಿರುಗಿ ನೊರೆಯಾಗಿತ್ತು, ಹುಳಿ ನಾತ ಬರುತ್ತಿತ್ತು, ಅದರಲ್ಲಿ ಮುಸುಕಿನ ಜೋಳದ ಕಾಳು ಕಾಳಾಗಿಯೇ ಉಳಿದಿತ್ತು. ಲೊಗಿಯೆಲ್ ಅತ್ತಿತ್ತ ನೋಡಿ ಚಪ್ಪಲಿಗಾಲಿನಿಂದ ಅದರ ಮೇಲೆ ಮಣ್ಣೆಳೆದ. ಬೆಕ್ಕು ಮಾಡುವ ಕೆಲಸ. ಐವತ್ತು ದಾಟಿದ ಮನುಷ್ಯ, ಮೇಯುವ ದನಗಳ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಬಗ್ಗೆ ಈ ಖಂಡದಲ್ಲಿ ಯಾರಿಗೇ ಸಂಶಯ ಬಂದರೂ ಮೊದಲು ನೆನಪಾಗುವ ಹೆಸರಿನ ಮನುಷ್ಯ, ತನ್ನ ಎತ್ತಿನ ಸಗಣಿಯನ್ನು ತಮ್ಮನಿಗೆ ಕಾಣದಂತೆ ಮುಚ್ಚುತ್ತಿದ್ದ.

ಏನಾಗಿದೆಯೆಂದು ಅವನಿಗೆ ಗೊತ್ತಿಲ್ಲದೆ ಇಲ್ಲ. ಅದೇ ಕಷ್ಟ. ಹುಲ್ಲು ತಿಂದು ಬೆಳೆದ ದನಕ್ಕೆ ಇದ್ದಕ್ಕಿದ್ದಂತೆ ಕಾಳು ತಿನ್ನಿಸಿದರೆ ಹುಲ್ಲನ್ನು ಅರಗಿಸುವ ಜೀವಿಗಳು ಸಾಯುತ್ತವೆ, ಹುಳಿ ಮಾಡುವ ಜೀವಿಗಳು ಕೊಬ್ಬುತ್ತವೆ, ಹೊಟ್ಟೆಯೆಲ್ಲ ಹುಳಿಯಾಗಿ ಒಳಗೋಡೆ ಸುಟ್ಟುಹೋಗುತ್ತದೆ. ಇದನ್ನು ಅವನು ಬರೆದಿದ್ದಾನೆ, ಪಾಠ ಹೇಳಿದ್ದಾನೆ, ಕಂಪಾಲಾದ ವಿದ್ಯಾರ್ಥಿಗಳ ಮುಂದೆ ಮೇಜು ಕುಟ್ಟಿ ಹೇಳಿದ್ದಾನೆ: ‘ದನವನ್ನು ಸಾಕುತ್ತೇನೆ ಅಂದುಕೊಳ್ಳಬೇಡಿ, ನೀವು ಸಾಕುವುದು ಅದರೊಳಗಿನ ಕೋಟಿ ಕೋಟಿ ಜೀವಿಗಳನ್ನು, ಅವಕ್ಕೆ ಹೊಸ ಊಟ ಒಗ್ಗಬೇಕಾದರೆ ವಾರಗಟ್ಟಲೆ ಬೇಕು.’ ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಎತ್ತು ಬಡಕಲಾಗಿ ಕಂಡಿತ್ತು, ಅಷ್ಟೇ. ಸಂಶೋಧನಾ ಕೇಂದ್ರದ ಬಯಲಿನಲ್ಲಿ ಅದನ್ನು ಆರಿಸಿದ ದಿನ, ತಾನು ಗಂಡಸೆನಿಸಿಕೊಳ್ಳಲು ಅದಕ್ಕೆ ಈಟಿ ಹಾಕುವ ಹೊತ್ತಿಗೆ ಊರವರ ಕಣ್ಣು ಅದರ ಪಕ್ಕೆಲುಬನ್ನು ಎಣಿಸುವುದು ಅವನ ಕಣ್ಣಮುಂದೆ ಬಂದಿತ್ತು. ಪಟ್ಟಣದ ಸಂಬಳದವನು, ವಿಮಾನದಲ್ಲಿ ತಿರುಗುವವನು, ಎಂಥ ಎತ್ತು ತಂದ ನೋಡಿ ಅನ್ನುತ್ತಾರೆ. ಮೊದಲು ಒಂದು ಬೊಗಸೆ ಕಾಳು ಹಾಕಿದ. ಎತ್ತು ಆಸೆಯಿಂದ ನೆಕ್ಕಿತು. ಮೈ ಸ್ವಲ್ಪ ಹೊಳೆದಂತೆ ಕಂಡಿತು. ಆಮೇಲೆ ದಿನ ಹತ್ತಿರ ಬಂದಂತೆ ಅವಸರವಾಯಿತು. ಕೊನೆಗೆ ಮೂಟೆಯನ್ನೇ ಬಿಚ್ಚಿಟ್ಟು, ಕೆಲಸದವರು ನೋಡುತ್ತಾರೆಂದು ತಾನೇ ಬಾಗಿಲು ಹಾಕಿಕೊಂಡು ಬಂದಿದ್ದ.

“ಅಣ್ಣಾ, ಇಲ್ಲೇ ಇದೀಯಾ? ಹೆಣ್ಣು ನೋಡೋಕೆ ಬಂದವರ ಥರ ಎತ್ತಿನ ಮುಂದೆ ನಿಂತಿದೀಯಲ್ಲ!” ಎನ್ನುತ್ತ ತಮ್ಮ ಅಚಿಯ ಬೇಲಿಯ ಕಿಂಡಿಯಲ್ಲಿ ಬಗ್ಗಿ ಬಂದ. ತಲೆ ಬೋಳಿಸಿಕೊಂಡಿದ್ದ, ಮೈಗೆ ಎಣ್ಣೆ ತಿಕ್ಕಿಕೊಂಡಿದ್ದ. ಹಬ್ಬ ಅಣ್ಣನದು, ಸಂಭ್ರಮ ತಮ್ಮನದು. “ನಿದ್ದೆ ಬಂತಾ? ನಂಗೆ ಬರ್ಲಿಲ್ಲಪ್ಪ. ನಲೆಮ್ ಬೈದ್ಲು, ಈಟಿ ಹಾಕೋನು ನಿಮ್ಮಣ್ಣ, ನೀನ್ಯಾಕೆ ಹೊರಳಾಡ್ತೀಯ ಅಂತ.”

“ಎತ್ತು ಸ್ವಲ್ಪ...” ಎಂದ ಲೊಗಿಯೆಲ್.

“ಏನು?”

“ಏನಿಲ್ಲ. ಗಾಡೀಲಿ ಬಂತಲ್ಲ, ಸುಸ್ತಾಗಿರಬೇಕು.”

“ಯಾರಿಗಾದ್ರೂ ಆಗುತ್ತೆ. ಸಾಯೋಕೆ ಹೋಗೋದಕ್ಕೆ ಯಾರು ಕುಣೀತಾ ಹೋಗ್ತಾರೆ?” ಅಚಿಯ ನಕ್ಕು ಎತ್ತಿನ ಬೆನ್ನು ತಟ್ಟಿದ. “ಆದ್ರೆ ಏನು ಮೈ ಬಂದಿದೆ ಅಣ್ಣಾ! ಹಿರಿಯರ ಬಾಯಲ್ಲಿ ನೀರೂರುತ್ತೆ ಬಿಡು.”

ಆ ಮಾತು ಕೇಳಿ ಲೊಗಿಯೆಲ್‌ಗೆ ಸಂತೋಷವಾಯಿತು. ಇಷ್ಟೆಲ್ಲ ಗೊತ್ತಿದ್ದೂ, ಎತ್ತಿನ ಒಳಗೆ ಬೆಂಕಿ ಬಿದ್ದಿದೆಯೆಂದು ತಿಳಿದೂ, ಮೈ ಬಂದಿದೆ ಅಂದದ್ದಕ್ಕೆ ಸಂತೋಷವಾಯಿತಲ್ಲ ಎಂದು ಅವನಿಗೆ ಹೇಸಿಗೆಯಾಯಿತು. ಈಗಲೇ ಹೇಳಬಹುದು. ‘ಇವತ್ತು ಬೇಡ, ಎತ್ತಿಗೆ ಹುಷಾರಿಲ್ಲ’ ಎಂದರೆ ಮುಗಿಯಿತು. ಆದರೆ ಹಿರಿಯರು ಆಗಲೇ ಬೆಟ್ಟದ ಬುಡದ ಹಳ್ಳಿಗಳಿಂದ ಹೊರಟಾಗಿದೆ. ತಮ್ಮನ ಹೆಂಡತಿ ನಲೆಮ್ ಜೋಳದ ಹೆಂಡ ಹುದುಗಿಟ್ಟು ಮಡಕೆ ಮಡಕೆ ಸಾಲಾಗಿ ಇಟ್ಟಿದ್ದಾಳೆ. ಜೋಳ ಕೈತುಂಬ ಬಂದ ವರ್ಷದಲ್ಲಿ ಮಾತ್ರ ಹಿರಿಯರು ಹುಡುಗರನ್ನು ಗಂಡಸರನ್ನಾಗಿ ಮಾಡಲು ಕೂರುತ್ತಾರೆ, ಮುಂದೆ ಅಂಥ ವರ್ಷ ಯಾವಾಗಲೋ. ಎಲ್ಲಕ್ಕಿಂತ ಹೆಚ್ಚಾಗಿ, ಅಣ್ಣ ಈಟಿ ಹಾಕದೆ ತಮ್ಮ ಹಾಕುವಂತಿಲ್ಲ. ಲೊಗಿಯೆಲ್ ಶಾಲೆ, ಕಾಲೇಜು, ದೂರದ ದೇಶವೆಂದು ತಿರುಗಿ, ಕೂದಲು ನರೆತರೂ ಎತ್ತಿಗೆ ಈಟಿ ಹಾಕಿರಲಿಲ್ಲ. ಅದಕ್ಕೆ ಅಚಿಯ ಅಜ್ಜನಾಗಿಯೂ ಹುಡುಗನೇ. ಸಭೆಯಲ್ಲಿ ಅವನ ಮಾತಿಗೆ ಬೆಲೆಯಿಲ್ಲ, ಮಾಂಸ ಹಂಚುವಾಗ ಮೀಸೆ ಬಾರದವರ ಜೊತೆ ಕೂತು ಶ್ವಾಸಕೋಶದ ಚೂರು ಜಗಿಯಬೇಕು, ಈಟಿ ಹಾಕಿದವರು ಬಂದರೆ, ತನಗಿಂತ ಚಿಕ್ಕವರಾದರೂ, ಎದ್ದು ನಿಲ್ಲಬೇಕು. ಮಗಳ ಮದುವೆಯ ಮಾತುಕತೆಗೆ ಅವನ ಬದಲು ಚಿಕ್ಕಪ್ಪನ ಮಗ ಕೂತಿದ್ದ. ಹೋದ ಸಲ ಬಂದಾಗ ನಲೆಮ್ ಊಟ ಬಡಿಸುತ್ತ ಹೇಳಿದ್ದಳು: “ಭಾವಾ, ನೀವು ಎತ್ತಿನ ಹೊಟ್ಟೆಗೆ ಕಿಟಕಿ ಇಟ್ಟು ಇಣುಕ್ತೀರಂತೆ. ಒಂದ್ಸಲ ನನ್ನ ಗಂಡನ ಹೊಟ್ಟೆಗೂ ಇಟ್ಟು ನೋಡಿ, ಒಳಗೆ ಏನು ಉರೀತಿದೆ ಅಂತ.” ಅವನು ನಕ್ಕುಬಿಟ್ಟಿದ್ದ. ಅವಳು ನಕ್ಕಿರಲಿಲ್ಲ.

ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಅವನು ಸುಮ್ಮನೆ ಎತ್ತಿನ ಹಗ್ಗ ಬಿಚ್ಚಿ ತಮ್ಮನ ಕೈಗೆ ಕೊಟ್ಟ. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಲೇ ಹೋದ: ಹುಳಿ ಎಷ್ಟು ಏರಿರಬಹುದು, ಯಾವ ಜೀವಿ ಸತ್ತಿರಬಹುದು, ಯಾವುದು ಉಳಿದಿರಬಹುದು. ಬಹುಶಃ ಹಿರಿಯರಿಗೆ ತಿಳಿಯಲಿಕ್ಕಿಲ್ಲ. ಬಹುಶಃ ಮೇಲೆ ಒಂದಿಷ್ಟು ಹುಲ್ಲಿನ ಪದರ ಉಳಿದಿರುತ್ತದೆ, ಹರಸುವಾಗ ಮೈಗೆ ಬಳಿಯಲು ಅದನ್ನೇ ಬೊಗಸೆಯಲ್ಲಿ ಎತ್ತಿಕೊಳ್ಳುತ್ತಾರೆ. ಪ್ರಯೋಗ ಕೆಟ್ಟಾಗ ವಿದ್ಯಾರ್ಥಿಗಳು ಹೀಗೆಯೇ ಬಹುಶಃ ಬಹುಶಃ ಎಂದು ತೊದಲುತ್ತಾರೆ, ಆಗ ಅವನು ಕನ್ನಡಕದ ಮೇಲಿಂದ ಅವರನ್ನು ನೋಡುತ್ತಾನೆ.

ಹುಣಸೆಮರದ ತೋಪಿನಲ್ಲಿ ಹಿರಿಯರು ಅರ್ಧಚಂದ್ರದ ಹಾಗೆ ಕೂತಿದ್ದರು, ಒಬ್ಬೊಬ್ಬರೂ ತಮ್ಮ ತಮ್ಮ ಪುಟ್ಟ ಮಣೆಯ ಮೇಲೆ. ಹೆಂಗಸರು ದೂರದಲ್ಲಿ ನಿಂತಿದ್ದರು. ಲೊಗಿಯೆಲ್ ಪ್ಯಾಂಟು ಶರಟು ಕಳಚಿ ತಮ್ಮ ಕೊಟ್ಟ ವಸ್ತ್ರ ಸುತ್ತಿಕೊಂಡು ಬಂದಾಗ ಅಲ್ಲಿಂದಲೇ ಒಂದು ದನಿ, “ಅಯ್ಯೋ, ಎತ್ತು ಯಾವುದು, ಈಟಿ ಹಾಕೋನು ಯಾರು, ಇಬ್ಬರ ಹೊಟ್ಟೇನೂ ಒಂದೇ ಥರ ಇದೆಯಲ್ರೇ!” ಎಂದಿತು. ಎಲ್ಲರೂ ನಕ್ಕರು. ಅವನೂ ನಗಲು ನೋಡಿದ. ಬಿಸಿಲು ಕಾಣದ ಅವನ ಎದೆ, ಸಡಿಲ ಹೊಟ್ಟೆ, ಸೊಂಟದಲ್ಲಿ ಬೆಲ್ಟು ಬಿಟ್ಟುಹೋದ ಗೆರೆ, ಎಲ್ಲ ಈ ಗಾಳಿಯಲ್ಲಿ ನಾಚುತ್ತಿದ್ದವು. ಈಟಿ ಅವನು ನೆನೆದದ್ದಕ್ಕಿಂತ ಭಾರವಾಗಿತ್ತು. ಅವನ ಕೈ ದನದ ಹೊಟ್ಟೆಯನ್ನು ಬಲ್ಲದು, ಬೇರೆ ರೀತಿಯಲ್ಲಿ: ಕೇಂದ್ರದ ಹಸುವಿನ ಪಕ್ಕೆಗೆ ಕೊರೆದಿಟ್ಟ ತೂತಿನ ರಬ್ಬರು ಮುಚ್ಚಳ ತೆಗೆದು, ಭುಜದವರೆಗೆ ಕೈ ತೂರಿಸಿ, ಒಳಗಿನ ಬೆಚ್ಚನೆಯ ಕತ್ತಲಲ್ಲಿ ಹುಲ್ಲನ್ನು ಹಿಡಿ ಹಿಡಿಯಾಗಿ ಎತ್ತುವುದು. ಆ ಹೊತ್ತಿಗೆ ಹಸು ತನ್ನ ಪಾಡಿಗೆ ತಾನು ಮೇಯುತ್ತಿರುತ್ತದೆ. ಅವನಿಗೆ ಬದುಕಿನಲ್ಲಿ ಅದಕ್ಕಿಂತ ನೆಮ್ಮದಿಯ ಜಾಗ ಇನ್ನೊಂದಿರಲಿಲ್ಲ. ಹೆಂಡತಿ ಬಿಟ್ಟುಹೋದ ವಾರ ಸುಮ್ಮಸುಮ್ಮನೆ ಹೋಗಿ, ಯಾವ ಮಾದರಿಯೂ ಬೇಕಿಲ್ಲದೆ, ಹಾಗೆ ಕೈಯಿಟ್ಟು ನಿಂತಿದ್ದುಂಟು.

ಈಟಿ ಪಕ್ಕೆಲುಬಿಗೆ ತಾಗಿ ಜಾರಿತು. ಎತ್ತು ಓಡಲೂ ಇಲ್ಲ, ಕುಂಟುತ್ತ ಎರಡು ಹೆಜ್ಜೆ ಸರಿದು ಅವನನ್ನೇ ನೋಡಿತು. “ಸೂಜಿ ಅಂದ್ಕೊಂಡ್ಯೇನೋ?” ಎಂದರು ಯಾರೋ. ಮತ್ತೆ ಚುಚ್ಚಿದ, ಮತ್ತೆ. ಅದು ಈಟಿಗೆ ಬಿತ್ತೋ ಒಳಗಿನ ಉರಿಗೆ ಬಿತ್ತೋ ಅವನಿಗೇ ತಿಳಿಯಲಿಲ್ಲ. ಹಿರಿಯರಲ್ಲಿ ಹಿರಿಯನಾದ ಲೊಮಿಲೊ ಕೋಲೂರಿಕೊಂಡು ಬಂದು ಕೂತ. ಚರ್ಮ ಸೀಳಿದರು. ದೊಡ್ಡ ಹೊಟ್ಟೆಗೆ ಮುದುಕ ತಾನೇ ಚಾಕು ಹಾಕಿದ.

ಮೊದಲು ಬಂದದ್ದು ನಾತ. ಹೊಟ್ಟೆಯ ಹಸಿರಿಗೆ ಒಂದು ವಾಸನೆಯಿದೆ, ಮಳೆ ಬಿದ್ದ ಮರುದಿನದ ಬಯಲಿನ ಹಾಗೆ. ಆ ಹಸಿರನ್ನೇ ಹಿರಿಯರು ಹುಡುಗನ ಹಣೆಗೆ, ಎದೆಗೆ, ಹೊಟ್ಟೆಗೆ ಬಳಿದು ಅವನನ್ನು ಗಂಡಸು ಮಾಡುವುದು. ಇದು ಹಳಸಿದ ಗಂಜಿಯ ನಾತ. ಬೂದುಬಣ್ಣದ ನೀರು ಹುಲ್ಲಿನ ಮೇಲೆ ಹರಿಯಿತು, ಅದರ ಜೊತೆ ಊದಿಕೊಂಡ ಬಿಳಿ ಕಾಳು. ಒಳಗೋಡೆ ಸುಲಿದು ಕೆಂಪಾಗಿತ್ತು. ಲೊಮಿಲೊ ಬೊಗಸೆ ಒಡ್ಡಿದವನು ಹಾಗೇ ಹಿಂತೆಗೆದುಕೊಂಡ.

“ಇದೇನೋ ಇದು?”

ಲೊಗಿಯೆಲ್ ಈಟಿಯ ತುದಿಯನ್ನು ಹುಲ್ಲಿಗೆ ಒರೆಸತೊಡಗಿದ.

“ನಿನ್ನನ್ನೇ ಕೇಳಿದ್ದು. ಇದರ ಹೊಟ್ಟೇಲಿ ಏನಾಗಿದೆ?”

“ಗೊತ್ತಿಲ್ಲ ತಾತ.”

“ಗೊತ್ತಿಲ್ವಾ?” ಮುದುಕನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. “ನೀನು ಹೊಟ್ಟೆ ಡಾಕ್ಟ್ರಲ್ವೇನೋ? ಬೇರೆ ದೇಶದವರೆಲ್ಲ ನಿನ್ನ ಕರೆಸಿ ಕೇಳ್ತಾರಂತೆ, ನಮ್ಮ ದನದ ಹೊಟ್ಟೇಲಿ ಏನಿದೆ ಅಂತ. ನಾವು ಕೇಳಿದ್ರೆ ಗೊತ್ತಿಲ್ವಾ?”

ಕೇಳುತ್ತಾರೆ, ಹೌದು. ಯೂರೋಪಿನ ಒಂದು ಸಭೆಯಲ್ಲಿ ಅವನು ಪರದೆಯ ಮೇಲೆ ಇದೇ ತೋಪಿನ ಚಿತ್ರ ತೋರಿಸಿದ್ದ. ಬರಗಾಲ ಕಳೆಯಲೆಂದು ಊರಿಗೆಲ್ಲ ಹಸಿರು ಬಳಿದ ದಿನ, ಅಚಿಯ ಮೈತುಂಬ ಅದನ್ನು ಮೆತ್ತಿಕೊಂಡು ನಗುತ್ತ ನಿಂತ ಚಿತ್ರ. ‘ನಮ್ಮವರು ಸೂಕ್ಷ್ಮಜೀವಿಗಳನ್ನು ನಮಗಿಂತ ಮೊದಲೇ ಬಳಸಿದ್ದಾರೆ, ನೋಡಿ, ಮೇಲಿಂದಲೇ ಬಳಿದುಕೊಳ್ಳುತ್ತಾರೆ’ ಎಂದಿದ್ದ. ಸಭೆಯೆಲ್ಲ ನಕ್ಕಿತ್ತು. ಒಳ್ಳೆಯ ನಗು, ಪ್ರೀತಿಯ ನಗು, ಆಮೇಲೆ ಎಲ್ಲರೂ ಬಂದು ಕೈ ಕುಲುಕಿದರು. ಅಂದಿನಿಂದ ಪ್ರತಿ ಭಾಷಣವನ್ನೂ ಅವನು ಆ ಚಿತ್ರದಿಂದಲೇ ಶುರು ಮಾಡುತ್ತಿದ್ದ. ತಮ್ಮನ ಮೈ ತೋರಿಸಿ ಗಿಟ್ಟಿಸಿದ ಆ ನಗು ಈಗ ಅವನ ಕಿವಿಯಲ್ಲಿ ತುಂಬಿತು, ಕಿವಿ ಬಿಸಿಯಾಯಿತು.

“ಮುಸುಕಿನ ಜೋಳ ಕಣೋ ಇದು,” ಎಂದು ಇನ್ನೊಬ್ಬ ಹಿರಿಯ ಕೋಲಿನ ತುದಿಯಿಂದ ಕಾಳು ಕೆದಕಿದ. “ಅಂಗಡೀದು. ಎತ್ತಿಗೆ ಇದನ್ನ ಯಾರು ಹಾಕ್ತಾರೆ?”

“ಕೇಂದ್ರದ ಕೆಲಸದವರು...” ಎಂದು ಶುರುಮಾಡಿದ ಲೊಗಿಯೆಲ್, ತಮ್ಮನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ಅಚಿಯ ಹುಡುಗರ ಸಾಲಿನಲ್ಲಿ ನಿಂತು, ತಾನೇ ತಪ್ಪು ಮಾಡಿದವನ ಹಾಗೆ ನೆಲ ನೋಡುತ್ತಿದ್ದ. “ನಾನೇ,” ಎಂದ ಲೊಗಿಯೆಲ್. “ನಾನೇ ಹಾಕಿದೆ.”

“ಯಾಕೆ?”

“ಬಡಕಲಾಗಿ ಕಾಣ್ತಿತ್ತು. ಜನ ಏನಂತಾರೋ ಅಂತ.”

ಹೆಂಗಸರ ಕಡೆ ಯಾರೋ ತಡೆಯಲಾರದೆ ನಕ್ಕರು. ಆಮೇಲೆ ಗಂಡಸರೂ ನಕ್ಕರು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗಬಹುದಿತ್ತು. ನೆಲ ಅಂಥ ಉಪಕಾರವನ್ನು ಯಾರಿಗೂ ಮಾಡಿದ್ದಿಲ್ಲ. ಲೊಮಿಲೊ ಮಾತ್ರ ನಗಲಿಲ್ಲ. “ನೋಡಪ್ಪ,” ಎಂದ, ಕೈಯನ್ನು ಮಣ್ಣಿಗೆ ಒರೆಸುತ್ತ. “ನಮಗೇನು ಕೊಬ್ಬು ಬೇಕಿರ್ಲಿಲ್ಲ. ಬಡಕಲು ಎತ್ತಿನ ಹೊಟ್ಟೇಲೂ ಹುಲ್ಲಿರುತ್ತೆ. ಇದನ್ನ ಬಳಿದು ನಾನು ಏನು ಅಂತ ಹರಸ್ಲಿ? ಅಂಗಡಿ ಥರ ಬಾಳು ಅಂತಾನಾ? ಎದ್ದೇಳ್ರಪ್ಪ. ಮುಂದೆ ಅಕುಜ್ ದೇವರು ಮಳೆ ಕೊಟ್ಟ ವರ್ಷ ನೋಡೋಣ. ಅಷ್ಟು ಹೊತ್ತಿಗೆ ನಾನಿರಲ್ಲ, ಬೇರೆಯವರು ನೋಡ್ತಾರೆ.”

ಮುದುಕರು ಮಣೆ ಎತ್ತಿಕೊಳ್ಳತೊಡಗಿದರು. ಅಚಿಯ ಇದ್ದ ಜಾಗ ಖಾಲಿಯಾಗಿತ್ತು. ಸಿಟ್ಟಿಗೆ ಹೊರಟುಹೋದ ಎಂದುಕೊಂಡ ಲೊಗಿಯೆಲ್. ಹೋಗಲಿ. ಒಂದು ಸಲವಾದರೂ ಅವನು ಸಿಟ್ಟಾಗಲಿ, ನನ್ನ ಮುಖಕ್ಕೆ ಉಗಿಯಲಿ, ಆಮೇಲೆ ನಾನು ಗಾಡಿ ಹತ್ತಿ ಹೊರಟುಬಿಡುತ್ತೇನೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಹಾಗೆ ಯೋಚಿಸಿ ಅವನಿಗೆ ಎದೆ ಹಗುರವೂ ಆಯಿತು. ಅಷ್ಟರಲ್ಲಿ ಗಂಟೆಯ ಸದ್ದು ಕೇಳಿಸಿತು.

ಅಚಿಯ ತನ್ನ ಬೂದು ಎತ್ತನ್ನು ಹಿಡಿದುಕೊಂಡು ಬರುತ್ತಿದ್ದ. ಆ ಎತ್ತು ಯಾವುದೆಂದು ಅಲ್ಲಿ ಯಾರಿಗೂ ಹೇಳಬೇಕಿರಲಿಲ್ಲ. ಅಲ್ಲಿ ಪ್ರತಿಯೊಬ್ಬ ಗಂಡಿಗೂ ಮನಸ್ಸಿಗೆ ಹಿಡಿದ ಒಂದು ಎತ್ತಿರುತ್ತದೆ, ಅದರ ಬಣ್ಣದಿಂದಲೇ ಊರು ಅವನನ್ನು ಕರೆಯುತ್ತದೆ. ಅಚಿಯನನ್ನು ‘ಬೂದಿಯ ಅಪ್ಪ’ ಎಂದೇ ಎಲ್ಲರೂ ಕರೆಯುತ್ತಿದ್ದರು. ಅದರ ಕೊಂಬನ್ನು ಕಲ್ಲಿನಿಂದ ತಟ್ಟಿ ತಟ್ಟಿ ಮುಂದಕ್ಕೆ ಬಾಗಿಸಿದವನು ಅವನು, ಅದರ ಮೇಲೆ ಹಾಡು ಕಟ್ಟಿದವನು ಅವನು, ದನಗಳ್ಳರು ಬಂದಾಗ ಹೆಂಡತಿ ಮಕ್ಕಳಿಗಿಂತ ಮೊದಲು ಅದನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋಗಿ ನಲೆಮ್‌ಳ ಕೈಲಿ ತಿಂಗಳುಗಟ್ಟಲೆ ಬೈಸಿಕೊಂಡವನು. ಅಂಥ ಎತ್ತು ಸತ್ತರೆ ಗಂಡಸರು ಬಿಕ್ಕಿ ಬಿಕ್ಕಿ ಅಳುತ್ತಾರೆ, ಯಾರೂ ಅದನ್ನು ನಾಚಿಕೆಯೆಂದುಕೊಳ್ಳುವುದಿಲ್ಲ. ಅಚಿಯ ಅದರ ಹಾಡನ್ನೇ ತುಟಿಯೊಳಗೆ ಗುನುಗುತ್ತ ಬಂದು ಅಣ್ಣನ ಮುಂದೆ ನಿಂತ. ಎತ್ತು ಮೆಲುಕು ಹಾಕುತ್ತಲೇ ಇತ್ತು.

“ಹೊಡಿ ಅಣ್ಣಾ.”

“ಅಚಿಯ, ಇದು ಯಾಕೋ...”

“ಹೊಡಿ ಅಂದ್ನಲ್ಲ. ಬೇಗ ಹೊಡಿ. ಹಿರಿಯರು ಎದ್ದಿದಾರೆ.” ಆಮೇಲೆ ದನಿ ತಗ್ಗಿಸಿ, “ಸಾಯೋದ್ರೊಳಗೆ ನಾನೂ ಒಂದ್ಸಲ ದೊಡ್ಡವರ ಜೊತೆ ಕೂತು ತಿನ್ಬೇಕು ಕಣೋ,” ಎಂದ.

ದೂರದಿಂದ ನಲೆಮ್ ಕೂಗಿದಳು, “ಬೇಡ! ಅದನ್ನ ಬೇಡ! ಬೇರೆ ಯಾವುದಾದ್ರೂ ಹಿಡ್ಕೊಂಬಾ!” ಅಚಿಯ ತಿರುಗಿ ನೋಡಲಿಲ್ಲ. ಬೇರೆಯವೆಲ್ಲ ಬೆಳಗ್ಗೆಯೇ ಮೇಯಲು ಹೋಗಿದ್ದವು. ಇದೊಂದು ಮಾತ್ರ ಯಜಮಾನನ ಮನೆಯ ಹಬ್ಬವೆಂದು ಎಣ್ಣೆ ಹಚ್ಚಿಸಿಕೊಂಡು ಮನೆಯ ಹತ್ತಿರ ಉಳಿದಿತ್ತು.

ಬೇಡವೆನ್ನಬೇಕಿತ್ತು. ಈಟಿ ಎಸೆದು, ತಮ್ಮನ ಕೈಹಿಡಿದು, ಹುಡುಗನಾಗಿಯೇ ಸಾಯುತ್ತೇನೆ ಬಿಡು ಎನ್ನಬೇಕಿತ್ತು. ಆದರೆ ಆಗ ತಮ್ಮನೂ ಹುಡುಗನಾಗಿಯೇ ಸಾಯಬೇಕಾಗುತ್ತಿತ್ತು ಎಂದು ಅವನು ತನಗೆ ಹೇಳಿಕೊಂಡ. ಅದು ನಿಜವೂ ಹೌದು. ಆದರೆ ಬೂದು ಎತ್ತನ್ನು ಕಂಡೊಡನೆ ಅವನ ಮನಸ್ಸಿಗೆ ಮೊದಲು ಬಂದದ್ದು ಆ ಮಾತಲ್ಲ. ಮೊದಲು ಬಂದದ್ದು, ನಾನು ಬದುಕಿದೆ, ಎನ್ನುವ ನಿರಾಳ. ಅವನು ಈಟಿ ಎತ್ತಿದ. ಎತ್ತು ಅಚಿಯನ ದನಿ ಕೇಳಿಕೊಂಡು ಅಲುಗದೆ ನಿಂತಿತ್ತು. ಈ ಸಲ ಈಟಿ ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಯಿತು. ಗುನುಗು ನಿಂತಿತು.

ಲೊಮಿಲೊ ಹೊಟ್ಟೆ ಸೀಳಿದ. ದಟ್ಟ ಹಸಿರು, ಒಣಹುಲ್ಲು ಮುಳ್ಳೆಲೆಗಳ ಎಸಳು ಎಸಳು ಹೆಣೆದುಕೊಂಡ ಹಸಿರು, ಹಬೆಯಾಡುತ್ತಿತ್ತು. ಮುದುಕನ ಮುಖ ಅರಳಿತು. “ಇದು!” ಎಂದ. ಎರಡು ಕೈಯಲ್ಲೂ ಬಾಚಿ ಲೊಗಿಯೆಲ್‌ನ ಹಣೆಗೆ, ಎದೆಗೆ, ನಾಚಿದ ಹೊಟ್ಟೆಗೆ ಬಳಿಯುತ್ತ, “ದನ ತುಂಬಲಿ,” ಎಂದ. “ತುಂಬಲಿ,” ಎಂದರು ಎಲ್ಲರೂ. “ಕೆಟ್ಟದ್ದು ಹೋಯ್ತಾ?” “ಹೋಯ್ತು!” “ಇವನು ಗಂಡಸಾದ್ನಾ?” “ಆದ!” ಬೆಚ್ಚಗಿನ ಹಸಿರು ಹುಬ್ಬಿನಿಂದ ಮೂಗಿಗೆ ಇಳಿಯಿತು. ಲೊಗಿಯೆಲ್‌ನ ಮೂಗು ತನ್ನಷ್ಟಕ್ಕೆ ತಾನು ಅದನ್ನು ಅಳೆಯಿತು. ಹುಳಿ ಸರಿಯಾಗಿದೆ, ನಾರು ಚೆನ್ನಾಗಿ ಒಡೆದಿದೆ, ಎಂಥ ಒಳ್ಳೆಯ ಮಾದರಿ, ಒಂದು ಸೀಸೆ ತಂದಿದ್ದರೆ. ಹಾಗೆಂದುಕೊಂಡೇಬಿಟ್ಟ, ಇಡೀ ಒಂದು ಉಸಿರಿನಷ್ಟು ಹೊತ್ತು. ಹರಕೆಯ ಕೂಗಿನ ನಡುವೆ ಅವನಿಗೆ ಅಳು ಬಂತು. ಹಿರಿಯರು ಅದನ್ನು ಸಂತೋಷದ ಕಣ್ಣೀರೆಂದು ತಿಳಿದು ಬೆನ್ನು ತಟ್ಟಿದರು.

ಮಾಂಸ ಸುಟ್ಟರು. ಅವನಿಗೆ ಹಿರಿಯರ ಸಾಲಿನ ತುದಿಯಲ್ಲಿ ಜಾಗ ಕೊಟ್ಟರು, ತೊಡೆಯ ತುಂಡು ಕೊಟ್ಟರು. ಲೊಮಿಲೊ ಅವನಿಗೆ ತಮಾಷೆ ಮಾಡಿದ, ಈಗಿನ್ನು ಮುದುಕರಿಗೆ ನಶ್ಯ ತರುವ ಖರ್ಚು ನಿನ್ನದು ಎಂದ. ತಿನ್ನದಿದ್ದರೆ ತಪ್ಪಾಗುತ್ತದೆ. ಅವನು ತಿಂದ. ಜಗಿದಷ್ಟೂ ಬಾಯಲ್ಲಿ ಬೆಳೆಯುತ್ತಿತ್ತು, ಆದರೂ ನುಂಗಿದ. ಆಮೇಲೆ ಒಂದು ತುಂಡು ಕೈಯಲ್ಲಿ ಹಿಡಿದುಕೊಂಡು, ಯಾರಾದರೂ ತಡೆಯುವ ಮೊದಲೇ, ಹುಡುಗರ ಸಾಲಿನ ಕಡೆಗೆ ನಡೆದ. ಅಚಿಯ ಅಲ್ಲಿ ಮೊಣಕಾಲಿನ ನಡುವೆ ತಲೆಯಿಟ್ಟು ಕೂತಿದ್ದ. ಅವನ ಮುಂದೆ ಎಲೆಯ ಮೇಲೆ ಇಟ್ಟಿದ್ದ ಪಾಲು ಹಾಗೇ ಇತ್ತು. ಭುಜ ಅಲುಗುತ್ತಿತ್ತು. ಅಕ್ಕಪಕ್ಕದ ಹುಡುಗರು ಅವನ ಕಡೆ ನೋಡದೆ ತಿನ್ನುತ್ತಿದ್ದರು.

ಲೊಗಿಯೆಲ್ ಹತ್ತಿರ ಬರುತ್ತಿದ್ದಂತೆ ಹುಡುಗರು ಕೈ ಒರೆಸಿಕೊಂಡು ಎದ್ದರು. ಅಚಿಯ ತಲೆಯೆತ್ತಿದ. ಅಣ್ಣನ ಮೈಮೇಲಿನ ಹಸಿರನ್ನು ನೋಡಿದ. ಕಣ್ಣೊರೆಸಿಕೊಳ್ಳಲೂ ಪುರುಸೊತ್ತಿಲ್ಲದವನ ಹಾಗೆ, ನೆಲಕ್ಕೆ ಕೈಯೂರಿ ಅವಸರದಿಂದ ಎದ್ದು ನಿಂತ.

“ಕೂತ್ಕೋ,” ಎಂದ ಲೊಗಿಯೆಲ್. ಅಚಿಯ ಕೂರಲಿಲ್ಲ. ಮತ್ತೆ, “ಕೂತ್ಕೊಳೋ ಅಚಿಯ,” ಎಂದ.

“ಅದು ಹೇಗಾಗುತ್ತೆ? ನೀನು ನಿಂತಿದೀಯಲ್ಲ.”

“ಹಾಗಾದ್ರೆ ನಾನೂ ಕೂತ್ಕೊತೀನಿ, ನಿನ್ನ ಪಕ್ಕದಲ್ಲೇ.”

“ಇಲ್ಲಿ ಕೂರ್ಬೇಡ ಅಣ್ಣಾ, ಹಿರಿಯರು ನೋಡ್ತಿದಾರೆ. ಮಾಡಿದ್ದೆಲ್ಲ ನೀರಲ್ಲಿ ಹೋಮ ಆಗುತ್ತೆ.” ಅಚಿಯ ಹೇಗೋ ನಿಂತಿದ್ದ. ಇದ್ದ ಶಕ್ತಿಯೆಲ್ಲ ಅಳುವುದಕ್ಕೇ ಖರ್ಚಾದಂತೆ ಕಾಣುತ್ತಿದ್ದ. ಅವನು ಅಣ್ಣನ ಮುಖ ನೋಡದೆ, ಮೆಲ್ಲಗೆ, ಕೇಳಿಕೊಳ್ಳುವವನ ಹಾಗೆ ಹೇಳಿದ: “ನೀನು ಹೋಗು. ನೀನು ಹೋದ್ರೆ ನಾನು ಕೂತ್ಕೊತೀನಿ.”

ಲೊಗಿಯೆಲ್ ಹಿಂತಿರುಗಿ ಹಿರಿಯರ ಕಡೆಗೆ, ಆದಷ್ಟು ಬೇಗ ಬೇಗ ನಡೆದ.